ವಿಂಚಿನ ಇನಾಯತ

ಇನಾಯತನ ಸಿಟ್ಟು ಮೂಗಿನ ತುದಿಯಲ್ಲಿತ್ತು ಎಂದರೆ ಕಡಿಮೆ ಹೇಳಿದಂತಾಗುತ್ತದೆ. ಅದು ನೇರ ಕೈಯಲ್ಲೇ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಕೈ ಬಿದ್ದಿರುತ್ತಿತ್ತು. ಗದಗದ ಮುಳಗುಂದ ನಾಕಾದ ಹತ್ತಿರ ಅವನ ಅಪ್ಪ ಉಸ್ಮಾನಸಾಬನದು ಲಾರಿ ರಿಪೇರಿ ಗ್ಯಾರೇಜು. ಅಲ್ಲಿ ಪಾಠ ಹೇಳುತ್ತಿದ್ದದ್ದು ನಟ್ಟು ಬಿಚ್ಚುವ ಪಾನಾ. ನಟ್ಟು ಅಡ್ಡ ಕೂತಿತೋ, ಪಾನಾದ ಹಿಡಿಕೆ ಮಗನ ಬೆನ್ನ ಮೇಲೆ ಕೂತಿತು ಎಂದೇ ಲೆಕ್ಕ. ಹಾಗೆ ತಿಂದು ಬೆಳೆದವನು ಕೊಡುವುದನ್ನೂ ಚೆನ್ನಾಗಿಯೇ ಕಲಿತ. ಜೋರು ಮಾಡಿದ ಲಾರಿ ಡ್ರೈವರನೊಬ್ಬನ ಹಲ್ಲು ಉದುರಿಸಿದ. ತಾಯಿ ಮೋತಿಬಿಗೆ ಯಾರದೋ ಮನೆಯವರ ಕಾಲು ಹಿಡಿದು ರಾಜಿ ಮಾಡಿಸುವುದೇ ಒಂದು ಉದ್ಯೋಗವಾಗಿತ್ತು.

ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳನ್ನು ನಿಲ್ಲಿಸುವಾಗ ಇನಾಯತ ಕ್ರೇನಿನ ತಂಡ ಸೇರಿದ. ಸಂಜು ಅವನಿಗೆ ಸಿಕ್ಕಿದ್ದು ಅಲ್ಲಿಯೇ. ಬೆಟಗೇರಿಯ ನೇಕಾರರ ಮನೆಯವನು, ಮಗ್ಗ ಬಿಟ್ಟು ಹಗ್ಗ ಹಿಡಿದವನು. ಮೊದಲ ದಿನವೇ ಸಂಜುವಿನ ಕಾಲು ಕ್ರೇನಿನ ಹಗ್ಗಕ್ಕೆ ತಾಗಿತು. ಅವನು ತಟಕ್ಕನೆ ಬಗ್ಗಿ, ಹಗ್ಗ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

"ಯಾಕಲೇ, ಹಗ್ಗ ನಿಮ್ಮಪ್ಪ ಏನು?" ಎಂದು ಇನಾಯತ ನಕ್ಕ.

ನಗು ಮುಗಿಯುವ ಮೊದಲೇ ಸಂಜುವಿನ ಮುಷ್ಟಿ ಅವನ ದವಡೆಗೆ ಬಿತ್ತು. ಇಬ್ಬರೂ ಕೆಮ್ಮಣ್ಣಿನಲ್ಲಿ ಉರುಳಾಡಿ ಒಬ್ಬರ ಅಂಗಿ ಒಬ್ಬರು ಹರಿದರು. ಉಳಿದವರು ಬಿಡಿಸಿದ ಮೇಲೆ ಸಂಜು ಏದುಸಿರು ಬಿಡುತ್ತ ಹೇಳಿದ: "ಮಗ್ಗದ ಲಾಳಿಗೆ ಕಾಲ ತಾಗಿದ್ರ ನಮ್ಮವ್ವ ಬೆನ್ನ ಮುರಿಯೂಹಂಗ ಬಾರಸ್ತಿದ್ಲು. ದುಡಿಯೂ ಸಾಮಾನಿಗೆ ಕಾಲ ತಾಗಸಬಾರದು. ತಾಗಿದ್ರ ಮುಟ್ಟಿ ಕಣ್ಣಿಗೆ ಒತ್ಕೋಬೇಕು."

ತನಗಿಂತ ಮುಂಚೆ ಕೈ ಎತ್ತಿದ ಓರಗೆಯವನನ್ನು ಇನಾಯತ ಅಂದೇ ಮೊದಲು ನೋಡಿದ್ದು. ಅಲ್ಲಿಂದ ಅವರ ಗೆಳೆತನ ಕತ್ತರಿಸಿದರೂ ಬಿಡದಂಥದ್ದಾಯಿತು.

ಫ್ಯಾನಿನ ಕೆಲಸವೇ ಇಬ್ಬರನ್ನೂ ಮುಂಬೈಯ ಏಜೆಂಟನೊಬ್ಬನ ಮೂಲಕ ನಾರ್ವೆಗೆ ಒಯ್ಯಿತು. ಸಮುದ್ರದ ನಡುವೆ ಇಂಥವೇ ಫ್ಯಾನು ನೆಡಲು ಹೋಗುವ ಹಡಗುಗಳನ್ನು ಓಲೆಸುಂದ್ ಎಂಬ ಬಂದರು ಊರಿನ ಸುತ್ತ ಕಟ್ಟುತ್ತಿದ್ದರು. ವಿಚಿತ್ರ ಊರು. ಎಲ್ಲಿ ನಿಂತರೂ ಎರಡು ಕಡೆ ನೀರು, ಮೇಲೆ ಬಿಡದ ಮಳೆ. ಈ ಕೊಲ್ಲಿಯಲ್ಲಿ ಹಡಗಿನ ಒಡಲು, ಆ ಕೊಲ್ಲಿಯಲ್ಲಿ ಅದರ ಎಂಜಿನ್ನು, ಗುಡ್ಡದ ಬುಡದಲ್ಲಿ ನಕ್ಷೆ ಬರೆಯುವವರು, ಸೇತುವೆಯಾಚೆ ವಿಂಚು ಮಾಡುವವರು. ವಿಂಚೆಂದರೆ ತೊಡೆ ದಪ್ಪದ ಉಕ್ಕಿನ ಹಗ್ಗವನ್ನು ಸುತ್ತಿಕೊಂಡು ಎಳೆಯುವ ಭಾರೀ ಉರುಳೆ.

"ಥೇಟ ನಮ್ಮ ಬೆಟಗೇರಿ ನೋಡಲೇ" ಎಂದಿದ್ದ ಸಂಜು. "ನೂಲ ಒಬ್ಬಂದು, ಬಣ್ಣ ಒಬ್ಬಂದು, ಹಾಸ ಹೂಡಾಂವ ಮತ್ತೊಬ್ಬ. ಕಡೀಕ ಸೀರಿ ಮಾತ್ರ ಒಂದ."

"ಹೌದಪಾ, ಹಡಗಕ್ಕೂ ಒಂದ ಕೆಂಪ ಸೆರಗ ಹಚ್ಚಿಬಿಡ್ರಿ" ಎಂದು ಇನಾಯತ ಛೇಡಿಸಿದ.

ಹಡಗುಕಟ್ಟೆಯಲ್ಲಿ ಇನಾಯತ ವಿಂಚಿನ ಹಿಡಿಕೆ ಹಿಡಿದ, ಸಂಜು ಹಗ್ಗದ ಕಡೆ ನಿಂತು ಸನ್ನೆ ಕೊಟ್ಟ. ಕೆಲಸದಲ್ಲಿ ಒಬ್ಬರ ಕಣ್ಣು ಇನ್ನೊಬ್ಬರಿಗೆ ಗೊತ್ತಿತ್ತು. ಆದರೆ ಸಂಜು ತನ್ನ ಹಳೆಯ ಚಾಳಿ ಬಿಡಲಿಲ್ಲ. ಒಂದು ದಿನ ನೇತಾಡುತ್ತಿದ್ದ ಭಾರದ ಕೆಳಗೇ, ಕಾಲಿಗೆ ತಾಗಿದ ಸರಪಳಿಗೆ ಬಗ್ಗಿದ. ಇನಾಯತ ವಿಂಚು ನಿಲ್ಲಿಸಿದ. ಓಡಿ ಹೋಗಿ ಕೊರಳಪಟ್ಟಿ ಹಿಡಿದು ಎಳೆದು, ಎಲ್ಲರ ಎದುರಿಗೇ ಬಾಯಿ ಮೇಲೆ ಬಾರಿಸಿದ. ತುಟಿ ಸೀಳಿ ರಕ್ತ ಬಂತು.

"ಸಾಯ್ತೀಯಲೇ ಒಂದಿನ! ಇದು ನಿಮ್ಮವ್ವನ ಮಗ್ಗ ಅಲ್ಲ!"

ಹೆದರಿಕೆ ಇನಾಯತನಿಗೆ ಹೊಡೆತದ ರೂಪದಲ್ಲಿ ಮಾತ್ರ ಬರುತ್ತಿತ್ತು. ಅದು ಸಂಜುವಿಗೆ ಗೊತ್ತಿತ್ತು. ನೋಡಿದವರಿಗೆ ಗೊತ್ತಿರಲಿಲ್ಲ. ಅಂದು ಸಂಜೆ ಸಂಜು ಮನೆಗೆ ವಿಡಿಯೋ ಕಾಲ್ ಮಾಡಿದಾಗ ಅಣ್ಣ ಬಾಬಣ್ಣ ಬಾತ ತುಟಿ ನೋಡಿ ಕೇಳಿದ. "ಇನಾಯತ ಕೊಟ್ಟ" ಎಂದು ಸಂಜು ನಕ್ಕ. ಬಾಬಣ್ಣ ನಗಲಿಲ್ಲ.

ಮರುದಿನ ಹೊಸ ಹಡಗಿನ ಹಿಂಬದಿಯಲ್ಲಿ ವಿಂಚಿನ ಪರೀಕ್ಷೆ. ಹಗ್ಗ ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ಸಂಜು ಕೈ ಎತ್ತಿ, ಎಳಿ ಎಂದು ಸನ್ನೆ ಮಾಡಿದ. ಇನಾಯತ ಹಿಡಿಕೆ ದೂಡಿದ. ಹಿಂದೆ ಸರಿಯುವಾಗ ಸಂಜುವಿನ ಬೂಟು ಹಗ್ಗಕ್ಕೆ ತಾಗಿತು. ಅವನು ಬಗ್ಗಿದ. ಆ ಬಗ್ಗಿದ ತಲೆ ಕಂಡದ್ದೇ ಇನಾಯತ ವಿಂಚು ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಮೈಯೆಲ್ಲ ಹಾಕಿ ಬಿದ್ದ. ಹಗ್ಗ ಅಷ್ಟರಲ್ಲಿ ಬಿಗಿದಿತ್ತು. ಅದು ಮೊದಲು ಕೈ ಹಿಡಿಯಿತು, ಆಮೇಲೆ ತೋಳು. ಸಂಜುವನ್ನು ಎತ್ತಿ ಉರುಳೆಯ ಮೇಲೆ ಬಡಿದು ಒಂದು ಸುತ್ತು ಸುತ್ತಿಯೇ ನಿಂತಿತು. ಎಲುಬು ಮುರಿದ ಸದ್ದು ಇನಾಯತನಿಗೆ ಯಂತ್ರದ ಸದ್ದಿನೊಳಗಿಂದಲೂ ಕೇಳಿಸಿತು. ಬಿಡಿಸಿ ಇಳಿಸುವಷ್ಟರಲ್ಲಿ ಸಂಜುವಿನ ಉಸಿರು ನಿಂತಿತ್ತು.

ಅಲ್ಲಿನ ವಿಚಾರಣೆಯವರು ಇನಾಯತನದು ತಪ್ಪಿಲ್ಲ ಎಂದರು. ಸತ್ತವನು ತಾನೇ ಓಡುವ ಹಗ್ಗಕ್ಕೆ ಕೈ ಹಾಕಿದ, ಯಾಕೆಂದು ತಿಳಿಯದು ಎಂದರು. ಯಾಕೆಂದು ಇನಾಯತ ಹೇಳಿದ್ದ. ಅವರು ಅದನ್ನು ಬರೆದುಕೊಂಡರು, ನಂಬಲಿಲ್ಲ. ಹೋಗಲಿ, ಅವರು ಪರದೇಶದವರು. ಬೆಟಗೇರಿಯವರೂ ನಂಬದಿದ್ದರೆ?

ನಂಬಲಿಲ್ಲ. ಹೆಣದ ಪೆಟ್ಟಿಗೆಯೊಂದಿಗೆ ಹುಬ್ಬಳ್ಳಿಯಿಂದ ಆಂಬುಲೆನ್ಸಿನಲ್ಲಿ ಬಂದಿಳಿದ ಇನಾಯತನ ಕೊರಳಪಟ್ಟಿಗೇ ಬಾಬಣ್ಣ ಕೈ ಹಾಕಿದ.

"ಅಣ್ಣಾ, ಹಗ್ಗಕ್ಕ ಕಾಲ ತಾಗಿತ್ರಿ. ಮುಟ್ಟಿ ಕಣ್ಣಿಗೆ ಒತ್ಕೊಳ್ಳಾಕ ಬಗ್ಗಿದ..."

"ಹಡಗದ ಹಗ್ಗಕ್ಕ ಯಾವಾಂವ ಕೈ ಮುಗೀತಾನಲೇ? ನನ್ನ ತಮ್ಮಗ ಹುಚ್ಚ ಹಿಡದಿತ್ತೇನು? ಹಿಂದಿನ ದಿನ ಬಾಯಿ ಒಡದಿ, ಮರುದಿನ ಜೀವಾನ ತಗೊಂಡಿ!"

ಓಣಿಯ ಹುಡುಗರು ಮುಗಿಬಿದ್ದರು. ಒಂದು ಕಲ್ಲು ಇನಾಯತನ ಹುಬ್ಬು ಸೀಳಿತು, ಒಂದು ಒದೆ ಪಕ್ಕೆಲುಬಿಗೆ ಬಿತ್ತು. ಜೀವನದಲ್ಲಿ ಮೊದಲ ಸಲ ಅವನು ಕೈ ಎತ್ತಲಿಲ್ಲ. ಹೆಣಕ್ಕೆ ಹೆಗಲು ಕೊಡಲು ಬಿಡಿ ಎಂದು ಅತ್ತ. ಬಿಡಲಿಲ್ಲ. ಪೆಟ್ಟಿಗೆ ಒಳಗೆ ಹೋಯಿತು, ಬಾಗಿಲು ಹಾಕಿಕೊಂಡಿತು.

ಅಲ್ಲಿಗೂ ನಿಲ್ಲಲಿಲ್ಲ. ತಿಥಿ ಮುಗಿದ ಮೇಲೆ ಬಾಬಣ್ಣ ಗ್ಯಾರೇಜಿಗೆ ನುಗ್ಗಿದ. ಇನಾಯತ ಇರಲಿಲ್ಲ. "ಮಗನ್ನ ಹೊರಗ ಕಳಸೋ" ಎಂದು ಕೂಗಿದವನೇ, ಅಡ್ಡ ಬಂದ ಉಸ್ಮಾನಸಾಬನ ಮುಂಗೈಗೆ ಜಾಕಿಯ ರಾಡಿನಿಂದ ಬೀಸಿದ. ಪಾನಾ ಹಿಡಿದೇ ಮುದಿಯಾದ ಕೈ, ಕಟ್ಟಿಗೆಯಂತೆ ಮುರಿಯಿತು.

ಪೊಲೀಸರಿಗೆ ಹೇಳೋಣವೆಂದು ಮೋತಿಬಿ ಗೋಳಾಡಿದಳು. ಮುದುಕ ಹಲ್ಲು ಕಚ್ಚಿ, "ಬ್ಯಾಡ, ಮಗನ್ನ ಕಳಕೊಂಡ ಮನಿ ಅದು" ಎಂದ. ಅಷ್ಟರಲ್ಲಿ ಇನಾಯತ ಗ್ಯಾರೇಜಿಗೆ ಮರಳಿದ. ಅಪ್ಪನ ಕೈ ಮುರಿದಿದ್ದ ಅದೇ ರಾಡು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಹೊರಬಿದ್ದ. ಮೋತಿಬಿ ಅಂಗಿ ಹಿಡಿದು ಜಗ್ಗಿದಳು. "ಬ್ಯಾಡೋ ನನ್ನಪ್ಪಾ, ಜೇಲಿಗೆ ಹೊಕ್ಕೀ!" ಅವನು ಅಂಗಿ ಕಿತ್ತುಕೊಂಡ. ನಂಬದಿದ್ದರೆ ಸಾಯಲಿ, ಕೊಲೆಗಾರ ಅಂದವನಿಗೆ ಕೊಲೆಗಾರನೇ ಆಗಿ ತೋರಿಸುತ್ತೇನೆ ಎಂದು ಅವನ ತಲೆ ಕುದಿಯುತ್ತಿತ್ತು. ಆಟೋದಲ್ಲಿ ಕೂತಾಗ ರಾಡು ತೊಡೆಯ ಮೇಲೆ ಕುಣಿಯುತ್ತಿತ್ತು.

ಬಾಬಣ್ಣನ ಮನೆಯಲ್ಲಿ ಅಂದೇ ಮಗ್ಗ ಮತ್ತೆ ಶುರುವಾಗಿತ್ತು. ಕುಣಿಮಗ್ಗ, ಕಾಲು ಇಳಿಬಿಟ್ಟು ನೇಯುವ ತಗ್ಗು. ಬಾಬಣ್ಣ ಅದರಲ್ಲಿ ಕೂತು ಲಾಳಿ ಓಡಿಸುತ್ತಿದ್ದ. ಸಂಜುವಿನ ತಾಯಿ ಬನಶಂಕರೆವ್ವ ಗೋಡೆಗೊರಗಿ, ನೂಲು ಸುತ್ತುವ ರಾಟಿಯ ಮುಂದೆ ಸುಮ್ಮನೆ ಕೂತಿದ್ದಳು.

"ಏಳಲೇ ಬಾಬ್ಯಾ! ಮುದುಕನ್ನ ಹೊಡಿಯೂ ಗಂಡಸ, ನನ್ನ ಹೊಡಿ!" ಎಂದು ಇನಾಯತ ಹೊಸ್ತಿಲಲ್ಲೇ ಕೂಗಿದ.

ಬಾಬಣ್ಣ ತಗ್ಗಿನಿಂದ ಹಾರಿ ಬಂದ, ಬರುವಾಗಲೇ ಗೋಡೆಯಲ್ಲಿ ಸಿಕ್ಕಿಸಿದ್ದ ಕುಡಗೋಲು ಎಳೆದುಕೊಂಡ. ಮೊದಲ ಬೀಸಿಗೆ ಇನಾಯತನ ಹೆಗಲು ಸೀಳಿತು. ಇನಾಯತ ರಾಡು ತಿರುಗಿಸಿದ. ಬಾಬಣ್ಣನ ಮಂಡಿಗೆ ಬಿತ್ತು. ಇಬ್ಬರೂ ಮಗ್ಗದ ಮೇಲೆ ಒರಗಿ ಬಿದ್ದರು. ಹಾಸಿನ ಎಳೆಗಳು ಪಟಪಟನೆ ಹರಿದವು, ಅರ್ಧ ನೇಯ್ದ ಸೀರೆಯ ಮೇಲೆ ರಕ್ತ ಚೆಲ್ಲಿತು. "ಸಾಕ್ರೋ, ಸಾಕ್ರೋ" ಎಂದು ಬನಶಂಕರೆವ್ವ ಎದೆ ಎದೆ ಬಡಿದುಕೊಂಡಳು. ಇನಾಯತ ಕಚ್ಚಿದ, ಗುದ್ದಿದ, ಕುಡಗೋಲನ್ನು ಕಿತ್ತು ಬಾಗಿಲಾಚೆ ಎಸೆದ. ಬಾಬಣ್ಣ ಬರಿಗೈಯಲ್ಲಿ ಅವನ ಕುತ್ತಿಗೆಗೆ ಕೈ ಹಾಕಲು ಮುನ್ನುಗ್ಗಿದ. ಇನಾಯತ ಎರಡೂ ಕೈಯಲ್ಲಿ ರಾಡು ಎತ್ತಿದ.

ಮಗ್ಗದಿಂದ ಉದುರಿದ ಲಾಳಿ ನೆಲದ ಮೇಲಿತ್ತು. ನುಗ್ಗುತ್ತಿದ್ದ ಬಾಬಣ್ಣನ ಬರಿಗಾಲು ಅದಕ್ಕೆ ತಾಗಿತು.

ಬಾಬಣ್ಣ ಬಗ್ಗಿದ.

ಮುಖದ ತುಂಬ ರಕ್ತ, ಎದುರಿಗೆ ತಲೆ ಒಡೆಯಲು ನಿಂತ ಮನುಷ್ಯ. ಆದರೂ ಅವನ ಕೈ ತಾನಾಗಿಯೇ ಲಾಳಿ ಮುಟ್ಟಿ ಕಣ್ಣಿನ ಕಡೆ ಏರಿತು. ಮತ್ತೆ ಇನಾಯತನ ಮುಂದೆ ಒಂದು ಬಗ್ಗಿದ ತಲೆ. ಅದೇ ಕುತ್ತಿಗೆ, ನೆತ್ತಿಯಲ್ಲಿ ಅದೇ ಸುಳಿ. ಎತ್ತಿದ ರಾಡು ಇಳಿಯುವುದಷ್ಟೇ ಬಾಕಿ ಇತ್ತು.

ಇನಾಯತ ಬೀಸಲಿಲ್ಲ. ರಾಡು ಕೈಯಿಂದ ಹಿಂದಕ್ಕೆ ಕಳಚಿ ಬಿತ್ತು. "ಹಿಂಗ!" ಎಂದು ಗಂಟಲು ಹರಿಯುವಂತೆ ಕೂಗಿದ. "ಹಿಂಗ ಬಗ್ಗಿದ್ದ ಅಂವ! ಅವತ್ತ ಇಷ್ಟ ಹೇಳಾಕ ಬಂದಿದ್ದೆ ನಾ! ಹಿಂಗ!"

ಬಾಬಣ್ಣ ಬಗ್ಗಿದಲ್ಲೇ ಉಳಿದ. ತನ್ನ ಕೈ ನೋಡಿದ, ಲಾಳಿ ನೋಡಿದ. ನಿಧಾನಕ್ಕೆ ನೆಲದ ಮೇಲೆ ಕುಸಿದ.

ಗೋಡೆಯ ಕಡೆಯಿಂದ ಬನಶಂಕರೆವ್ವನ ದನಿ ಬಂತು. "ನಾನ ಕಲಿಸಿದ್ನೆಪಾ ಅದನ್ನ. ಎಳಿ ಕೂಸಿದ್ದಾಗಿಂದ, ಲಾಳಿ ತುಳದಾಗೊಮ್ಮೆ ಬೆನ್ನ ಮ್ಯಾಲ ಬಾರಿಸಿ ಬಾರಿಸಿ ಕಲಿಸೀನಿ. ಮರೀಲಿಲ್ಲ ನನ್ನ ಮಗ. ಅಷ್ಟ ದೂರ ಹೋದ್ರೂ ಮರೀಲಿಲ್ಲ." ಅವಳು ತನ್ನ ಬಲಗೈಯನ್ನು ಎಡಗೈಯಿಂದ ಹೊಡೆದುಕೊಳ್ಳತೊಡಗಿದಳು. ಇನಾಯತ ಓಡಿ ಹೋಗಿ ಆ ಎರಡೂ ಕೈಗಳನ್ನು ಹಿಡಿದುಕೊಂಡ. ಅವನ ಹೆಗಲಿನ ರಕ್ತ ಅವಳ ಸೀರೆಗೆ ಇಳಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

ಬಾಬಣ್ಣ ತಲೆ ಎತ್ತದೆ ಕೇಳಿದ: "ಕೈ ಕಣ್ಣಿಗೆ ಮುಟ್ಟಿತ್ತೇನೋ ಅಂವಂದು?"

"ಇಲ್ಲಣ್ಣಾ" ಎಂದ ಇನಾಯತ. "ಹಗ್ಗ ಮುಟ್ಟಿದ್ದಷ್ಟ."