ಹಳದಿ ತೆಗೆದು ಹಸಿರು ಹಾಕಿದ್ದು

ಆಗ ನನಗ ನಲವತ್ತೆಂಟು. ಹದಿನಾರು ವರ್ಷದ ಹಿಂದಿನ ಮಾತು. ಮೊನ್ನೆ ಜಲನಗರದಾಗ ಮಗಳ ಮನ್ಯಾಗ ಮಿಕ್ಸರ್ ಸುಟ್ಟು, ವೈರಿನ ಕಮಟು ವಾಸನಿ ಅಡಗಿಮನಿ ತುಂಬಿತು. ಮಗಳು ಕಿಡಕಿ ತೆಗದಳು. ನನಗ ಜೋರಾಪುರ ಪೇಟ್ಯಾಗ ಗಾಡಿಗೆ ಟೇಪ್ ಕೂಡಿಸ್ತಿದ್ದ ಮಿಸ್ತ್ರಿ ನೆನಪಾದ…

ನಮ್ಮವರು ತಿಕೋಟಾದಿಂದ ವಿಜಾಪುರಕ್ಕ ಸ್ವಂತ ಜೀಪ್ ಹೊಡಿತಿದ್ದರು. ಹಾಡಿಲ್ಲದ ಜೀಪಿಗೆ ಮಂದಿ ಹತ್ತೂದಿಲ್ಲ ಅಂತ ಅವರ ಹಟ. ಒಂದ ದಿನ ಪ್ಯಾಟಿಯಿಂದ ಆಂಪ್ಲಿಫಯರ್ ತಂದರು. ಡಬ್ಬಿ ಮ್ಯಾಲ ಸಾವಿರ ವ್ಯಾಟ್ ಅಂತ ಬರದಿತ್ತು. ಕೂಡಿಸಾಕ ಆ ಮಿಸ್ತ್ರಿ ಅಂಗಡಿಗೆ ಹೋದಾಗ ನಾನೂ ಇದ್ದೆ.

ಅಂವ ಡಬ್ಬಿ ನೋಡಲೇ ಇಲ್ಲ. ಮಶೀನು ಹೊಳ್ಳಿಸಿ ಅದಕ ಚುಚ್ಚಿದ್ದ ಹಳದಿ ಫ್ಯೂಸ್ ನೋಡಿದ. “ಇಪ್ಪತ್ತ ಆಂಪಿಯರಿಂದು ಐತ್ರಿ ಕಾಕಾ. ಬ್ಯಾಟರಿ ಹನ್ನೆರಡು ವೋಲ್ಟಿಂದು. ಇಪ್ಪತ್ತಕ್ಕ ಹನ್ನೆರಡು ಗುಣಿಸ್ರಿ, ಇನ್ನೂರಾ ನಲವತ್ತು. ಅದರಾಗ ಅರ್ಧಕ್ಕರ್ಧ ಕಾವಾಗಿ ಹೋಗ್ತೈತಿ. ಉಳದದ್ದಷ್ಟ ಹಾಡು.”

“ಸಾವಿರ ಬರದಾರಲ್ಲೋ. ನೀ ಎಂಥಾ ಮಿಸ್ತ್ರಿ, ಎಲ್ಲಾ ನುಂಗಿ ನೂರಾ ಇಪ್ಪತ್ತಕ್ಕ ತಂದಿಟ್ಟಿ?”

“ನಾ ಕಡಿಮಿ ಮಾಡಿಲ್ರಿ. ಬರದಾಂವ ಹೆಚ್ಚ ಬರದಾನ.”

ನಾ ನಕ್ಕೆ. ಅಂವ ನನ್ನ ಕಡೆ ಹೊಳ್ಳಿ, ಓದಾಕ ಬರದವರಿಗೆ ಹೇಳೂ ಹಂಗ ಬಣ್ಣ ತೋರಿಸಿ ಹೇಳಿದ. ನೀಲಿ ಹದಿನೈದು, ಹಳದಿ ಇಪ್ಪತ್ತು, ಹಸಿರು ಮೂವತ್ತು. “ಫ್ಯೂಸ್ ಸಪ್ಪಳ ಹೆಚ್ಚ ಮಾಡೂದಲ್ರಿ ಕಾಕು, ವೈರ್ ಕಾಯೂದು. ನಾ ಎಳದ ವೈರ್ ಹಳದಿಗಷ್ಟ. ಹಸಿರು ಅದ ತೂತಿನ್ಯಾಗ ಕೂಡತೈತಿ, ಆದ್ರ ಹಾಕಬ್ಯಾಡ್ರಿ.” ಎರಡು ಹಳದಿ ಹೆಚ್ಚಿಗಿ ಕೊಟ್ಟ.

ನನಗ ಪೂರಾ ತಿಳೀತು. ಇದನ್ನ ಮರಿಯಬ್ಯಾಡ್ರಿ.

ನನ್ನ ತಂಗಿ ಮಗಳ ಮದುವಿ ಕನಮಡ್ಯಾಗ ಇತ್ತು. ನಮ್ಮವರು ಮಿಸ್ತ್ರಿಗೆ ಹೇಳದ ಇನ್ನೆರಡು ಸ್ಪೀಕರ್ ತಂದು ತಾವ ಸಿಕ್ಕಿಸಿದ್ದರು. ದಾರ್‍ಯಾಗ ಎರಡ ಸಲ ಫ್ಯೂಸ್ ಹೋತು, ಎರಡೂ ಹಳದಿ ಮುಗದವು. ಊರ ಅಗಸಿ ಬಾಗಲದಾಗ ಮತ್ತ ಹಾಡು ನಿಂತಿತು. ಬೀಗರು ಎದುರಿಗೇ ನಿಂತಿದ್ದರು. “ಏನ್ ಬೇ, ಮದುವಿಗಿ ಬಂದೀರೋ ಮಣ್ಣಿಗೆ ಬಂದೀರೋ?” ಅಂತ ಅವರ ಕಡೆ ಒಬ್ಬಾಕಿ ಅಂದಳು. ನಮ್ಮವರು ಅವರನ್ನ ಮಾತಾಡಿಸಾಕ ಇಳಿದಿದ್ದರು. ಮುಂದಿನ ಖಾನ್ಯಾಗ ಬ್ಯಾರೆ ಯಾವದಕೋ ಇಟ್ಟಿದ್ದ ಹಸಿರು ಫ್ಯೂಸ್ ಇತ್ತು. ತೆಗದು ಚುಚ್ಚಿದೆ. ಹಾಡು ಬಂತು, ಮಂದಿ ಕುಣಿದರು.

ಊಟದ ಹೊತ್ತಿನ್ಯಾಗ ಸೀಟಿನ ಬುಡಕ ವೈರ್ ಹೊತ್ತಿತು. ಒಳಗ ಯಾರೂ ಇರಲಿಲ್ಲ. ಜೀಪ್ ಮಾತ್ರ ಉಳಿಲಿಲ್ಲ.

ಸುದ್ದಿ ಕೇಳಿ ಮಿಸ್ತ್ರಿ ತಾನ ತಿಕೋಟಾಕ್ಕ ಬಂದ. ಸ್ಟ್ಯಾಂಡಿನ್ಯಾಗ ಸುಟ್ಟ ಜೀಪ್ ನಿಂತಿತ್ತು, ಸುತ್ತ ಡ್ರೈವರ್‌ಗೋಳು ನೆರದಿದ್ದರು. ಇವನ ಕೆಲಸ ಕಚ್ಚಾ ಅಂತ ನಮ್ಮವರು ಬಾಯಿಗೆ ಬಂದಂಗ ಬೈದರು. ಫ್ಯೂಸ್ ಕರಗಿ ಬೂದಿಯೊಳಗ ಹೋಗಿತ್ತು. ಅಂವ ನನ್ನ ಕಡೆ ನೋಡಿದ.

“ಕಾಕು, ನೀವರ ಹೇಳ್ರಿ. ಯಾವದು ಹಾಕಬೇಕಂತ ಬಣ್ಣ ತೋರಿಸಿ ಹೇಳಿದ್ನಿಲ್ಲೋ?”

“ನನಗೇನ್ ತಿಳಿತೈತೋ ಯಪ್ಪಾ. ನಾ ಸಾಲಿ ಕಲಿತಾಕಿ ಅಲ್ಲ.”

ಅಂವ ಹೊಳ್ಳಿ ಬಸ್ಸಿನ ಕಡೆ ನಡದ… ಅವತ್ತಿನಿಂದ ನಮ್ಮ ಕಡಿ ಗಾಡಿ ಒಂದೂ ಅವನ ಅಂಗಡಿಗೆ ಹೋಗಲಿಲ್ಲ. ವರ್ಷದೊಳಗ ಬಾಗಲಾ ಹಾಕಿ ತನ್ನೂರು ಬಬಲೇಶ್ವರಕ್ಕ ಹೋದ. ದ್ರಾಕ್ಷಿ ತ್ವಾಟಕ್ಕ ಹುಳದ ಎಣ್ಣಿ ಹೊಡಿಯೂ ಕೂಲಿ ಮಾಡ್ತಾನಂತ ಕೇಳಿದೆ. ಬಬಲೇಶ್ವರ ದೂರ ಇರಲಿಲ್ಲ. ನಾ ಹೋಗಲಿಲ್ಲ. ನಮ್ಮವರು ಸಾಯೂ ತನಕ ಅವನನ್ನ ಬೈದರು, ನಾ ಅವರಿಗೂ ಹೇಳಲಿಲ್ಲ.

ಮಿಕ್ಸರ್ ನೋಡಾಕ ಬಂದ ವೈರಮನ್ನಿಗೆ ಆ ಮಿಸ್ತ್ರಿ ಬಗ್ಗೆ ಕೇಳಿದೆ. “ಹ್ವಾದ ವರ್ಷ ತೀರಿಕೊಂಡ್ರಲ್ರಿ” ಅಂದ, ತಲಿ ಎತ್ತದ.

ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ತಿಕೋಟಾಕ್ಕ ಹೋದೆ. ಸ್ಟ್ಯಾಂಡಿನ್ಯಾಗ ಡ್ರೈವರ್‌ಗೋಳು ಚಾ ಕುಡಿಯಾಕತ್ತಿದ್ದರು, ಎಲ್ಲಾ ಹೊಸಾ ಮಾರಿ. ಟೇಪಿನ ಮಿಸ್ತ್ರಿದು ತಪ್ಪಿರಲಿಲ್ಲ, ಜೀಪ್ ಸುಟ್ಟಾಕಿ ನಾನು ಅಂದೆ. ಒಬ್ಬರ ಮಾರಿ ಒಬ್ಬರು ನೋಡಿದರು.

“ಯಾವ ಮಿಸ್ತ್ರಿ, ಆಯಿ?” ಅಂತ ಒಬ್ಬಾಂವ ಕೇಳಿದ.

ಅವನ ಬಾಜೂಕ ಕುಂತು, ಮೊದಲಿನಿಂದ ಹೇಳಿದೆ.