ಸೇತುವೆಯ ಕೋಲು ಮಿಯಾಪುರಕ್ಕೆ ಹೋದದ್ದು

ಹುಮನಾಬಾದಿನಿಂದ ಬೆಳಿಗ್ಗೆ ಏಳಕ್ಕೆ ಹೊರಡಬೇಕಾದ ಹೈದರಾಬಾದ್ ಬಸ್ಸು ಏಳೂ ಇಪ್ಪತ್ತಕ್ಕೆ ಹೊರಟಿತು. ಇಪ್ಪತ್ತು ನಿಮಿಷದ ಲೆಕ್ಕವನ್ನು ಕೈಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ, ಬಹುಪಾಲು ಸಣ್ಣ ಸಣ್ಣ ನಿಲ್ದಾಣಗಳ ಸ್ಟೇಷನ್ ಮಾಸ್ತರನಾಗಿ ದುಡಿದವನು ನಾನು. ಹುಟ್ಟುಗುಣ ಸುಟ್ಟರೂ ಹೋಗದು. ನಿವೃತ್ತನಾದ ಮೇಲೆ ಹೆಂಡತಿಯ ತವರೆಂದು ಹುಮನಾಬಾದಿನಲ್ಲಿ ಮನೆ ಮಾಡಿದೆ. ಆಗ ಆ ಊರಿಗೆ ರೈಲೇ ಇರಲಿಲ್ಲ. ರೈಲಿಲ್ಲದ ಊರಿನ ಸ್ಟೇಷನ್ ಮಾಸ್ತರ ಎಂದು ಗೆಳೆಯರು ಚಾಷ್ಟಿ ಮಾಡುತ್ತಿದ್ದರು. ಹಾಗಾಗಿ ರೈಲ್ವೆ ಪಾಸು ಪೆಟ್ಟಿಗೆಯಲ್ಲಿದ್ದರೂ ಎಂಬತ್ತೆರಡು ರೂಪಾಯಿ ಟಿಕೆಟ್ ತೆಗೆದುಕೊಂಡು ಬಸ್ಸಿನ ಎಡಬದಿಯ ಮೊದಲ ಸೀಟು ಹಿಡಿದೆ.

ಹೊರಟದ್ದು ತಂಗಿ ಸಾವಿತ್ರಿಯ ಮನೆಗೆ. ಅವಳ ಗಂಡ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ದುಡಿದವರು. ಇಷ್ಟು ವರ್ಷ ಕ್ವಾರ್ಟರ್ಸಿನಲ್ಲಿದ್ದು ಈಗ ಮಿಯಾಪುರದಲ್ಲಿ ಫ್ಲ್ಯಾಟು ಕೊಂಡಿದ್ದರು. ಗೃಹಪ್ರವೇಶಕ್ಕೆ ನನಗೆ ಹೋಗಲಾಗಿರಲಿಲ್ಲ. "ಈ ಐತವಾರ ಮಧ್ಯಾಹ್ನ ಊಟಕ್ಕ ಬರಲಿಲ್ಲಂದ್ರ ನಿನ್ನ ಜೋಡಿ ಮಾತ ಬಿಡ್ತೀನಿ" ಎಂದು ತಂಗಿ ಫೋನಿನಲ್ಲಿ ಹೇಳಿದ್ದಳು. ಹೋಳಿ ಹುಣ್ಣಿಮೆ ಮುಗಿದು ಎಂಟು ದಿನವಾಗಿತ್ತು. ಎಂಟು ಗಂಟೆಗೇ ಕಿಟಕಿಯ ಸರಳು ಬಿಸಿಯಾಗಿತ್ತು.

ಜಹೀರಾಬಾದಿನಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಎರಡು ಮಿರ್ಚಿ ತಿಂದು ಚಹಾ ಕುಡಿದೆ. ಪಕ್ಕದ ಸೀಟಿನವರು ನಮ್ಮೂರಿನ ಕಿರಾಣಿ ವ್ಯಾಪಾರಿ ವೀರಭದ್ರಪ್ಪನವರು. ಪಟಾನ್‌ಚೆರುವಿನ ಹತ್ತಿರ ತಾವು ಕೊಂಡ ಪ್ಲಾಟು ನೋಡಲು ಹೊರಟಿದ್ದರು. ಅದು ಹೈದರಾಬಾದಿನ ಕಂಪ್ಯೂಟರ್ ಕಾಲ. ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣದ ಕೆಲಸ ಇನ್ನೂ ನಡೆದಿತ್ತು, ಜನ ಅದರ ಹೆಸರು ಹೇಳಿ ಈ ಕಡೆಯ ಹೊಲಕ್ಕೂ ಬೆಲೆ ಏರಿಸಿದ್ದರು. ದಾರಿಯುದ್ದಕ್ಕೂ ಪ್ಲಾಟುಗಳ ಜಾಹೀರಾತು ಫಲಕಗಳು. ಹೈಟೆಕ್ ಸಿಟಿಗೆ ಅರ್ಧ ಗಂಟೆ ಎಂದು ಒಂದರಲ್ಲಿ ಬರೆದಿತ್ತು. ನಮ್ಮ ಬಸ್ಸಿಗೆ ಅಲ್ಲಿಂದ ಎರಡೂವರೆ ಗಂಟೆ ಬೇಕು. "ಅದು ಇಮಾನದ ಲೆಕ್ಕ ಇರಬೇಕು ತಗೋರಿ ಮಾಸ್ತರ" ಎಂದರು ವೀರಭದ್ರಪ್ಪ.

ಸದಾಶಿವಪೇಟೆ ದಾಟಿದ ಮೇಲೆ ಬೇರೆ ಜಾತಿಯ ಫಲಕಗಳು ಶುರುವಾದವು. ಮುಂದೆ ಹಳ್ಳಕ್ಕೆ ಕಟ್ಟಿದ ಹಳೆಯ ಟೋಲ್ ಸೇತುವೆಯೊಂದಿತ್ತು. ಅದರ ಅರ್ಧ ಒಡೆದು ಹೊಸದನ್ನು ಕಟ್ಟುತ್ತಿದ್ದರು, ಉಳಿದ ಅರ್ಧದ ಮೇಲೆ ಒಂದೇ ಸಾಲು ವಾಹನ. ಮೊದಲು 'ನಿಧಾನವಾಗಿ ಚಲಿಸಿ', ಆಮೇಲೆ 'ಒಂದು ಬದಿ ಬಂದ್', ಆಮೇಲೆ ಬಾಣದ ಗುರುತು. ಬಾಣದ ಫಲಕವನ್ನು ಗಾಳಿ ತಿರುಗಿಸಿಬಿಟ್ಟಿತ್ತು. ಅದನ್ನು ನಂಬಿದವನು ನೇರ ಹಳ್ಳಕ್ಕೆ ಹೋಗಬೇಕು. ರೈಲ್ವೆಯಲ್ಲಿ ಸಿಗ್ನಲ್ ಕೆಟ್ಟರೆ ಅದನ್ನು ಕೆಂಪೆಂದೇ ತಿಳಿಯಬೇಕು. ರಸ್ತೆಯಲ್ಲಿ ಕೆಟ್ಟ ಫಲಕವನ್ನು ಎಲ್ಲರೂ ಹಸಿರೆಂದು ತಿಳಿದು ನುಗ್ಗುತ್ತಾರೆ. ಟೋಲ್ ನಾಕಾದಲ್ಲಿ ಮಾತ್ರ ಎಲ್ಲ ಫಲಕಗಳೂ ನೆಟ್ಟಗಿದ್ದವು. "ಬ್ರಿಜ್ಜು ಅರ್ಧ ಐತಿ, ಟೋಲ್ ಪೂರಾ ತಗೊಂತಾರ" ಎಂದು ವೀರಭದ್ರಪ್ಪ ಗೊಣಗಿದರು.

ನಾಕಾ ದಾಟಿ ಇಪ್ಪತ್ತೈದು ನಿಮಿಷ ಸರದಿಯಲ್ಲಿ ನಿಂತೆವು. ಅಲ್ಲಿ 'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂಬ ದೊಡ್ಡ ತಗಡಿನ ಫಲಕವಿತ್ತು. ಅದರ ಎರಡು ಕಬ್ಬಿಣದ ಕಾಲುಗಳ ನಡುವೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸೊಂದನ್ನು ಮಲಗಿಸಿದ್ದರು. ಸುತ್ತಲೂ ನೆರಳೆಂದು ಇದ್ದದ್ದು ಆ ಫಲಕದ್ದು ಮಾತ್ರ. ಕೂಸಿನ ತಾಯಿ ಸೇತುವೆಯ ಬಾಯಲ್ಲಿ ನಿಂತು ಕೆಂಪು, ಹಸಿರು ಬಾವುಟ ಹಿಡಿದು ವಾಹನ ಬಿಡುತ್ತಿದ್ದಳು. ಸೀರೆಯ ಮೇಲೆ ಗಂಡಸರ ಅಂಗಿ, ಅದರ ಮೇಲೆ ಹೊಳೆಯುವ ಹಳದಿ ಪಟ್ಟಿಯ ಜಾಕೀಟು. ನಡುನಡುವೆ ಹೋಗಿ ಜೋಳಿಗೆ ತೂಗಿ ಬರುತ್ತಿದ್ದಳು. "ಏ ತಮ್ಮಾ, ಹಿಂದ ಸರಿಯೋ" ಎಂದು ಮೋಟರ್ ಸೈಕಲಿನವನಿಗೆ ಕನ್ನಡದಲ್ಲೇ ಗದರಿದಳು. ಸುರಪುರದ ಕಡೆಯವಳೆಂದು ಮಾತಿನಿಂದಲೇ ಗೊತ್ತಾಯಿತು.

ನಮ್ಮ ಸರದಿ ಬಂತು. ಬಸ್ಸಿನ ಹಿಂದೆ ಕೆಂಪು ಬಾವುಟ ಅಡ್ಡ ಹಿಡಿದಳು, ಅಂದರೆ ಆ ತಂಡಕ್ಕೆ ನಾವೇ ಕೊನೆ. ಆಮೇಲೆ ಮೊಳದುದ್ದದ ಕೋಲೊಂದನ್ನು ಹಿಡಿದು ಓಡಿ ಬಂದಳು. ತುದಿಗೆ ಕೆಂಪು ಬಟ್ಟೆ ಕಟ್ಟಿತ್ತು. ನೋಡಿದೊಡನೆ ನನ್ನ ಎದೆ ಅರಳಿತು. ಸೇತುವೆಯಾಚೆ ರಸ್ತೆ ತಿರುಗುತ್ತಿದ್ದುದರಿಂದ ಒಂದು ತುದಿಯವರಿಗೆ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಕೊನೆಯ ವಾಹನ ಈ ಕೋಲನ್ನು ಒಯ್ದು ಆಚೆಯವನಿಗೆ ಕೊಡಬೇಕು. ಕೋಲು ಕೈಗೆ ಬಂದ ಮೇಲೆಯೇ ಅವನು ತನ್ನ ಕಡೆಯ ವಾಹನ ಬಿಡಬೇಕು. ಒಂದೇ ಹಳಿಯ ದಾರಿಯಲ್ಲಿ ನಾವು ಇಂಜಿನ್ ಡ್ರೈವರನಿಗೆ ಕೊಡುತ್ತಿದ್ದ ಟೋಕನ್ ಕೂಡ ಇದೇ. ನಮ್ಮದು ಕಬ್ಬಿಣದ ಗುಂಡು, ಅವಳದು ಕೋಲು.

ಕಿಟಕಿಯಿಂದ ಕೈ ಚಾಚಿದೆ. "ಇಲ್ಲಿ ಕೊಡವಾ, ನಾ ಮುಟ್ಟಸ್ತೀನಿ."

"ಡ್ರೈವರಗ ಕೊಡಬೇಕಂತ ಹೇಳ್ಯಾರ್ರೀ ಯಪ್ಪಾ" ಎಂದು ಅವಳು ಹಿಂಜರಿದಳು.

"ಡ್ರೈವರ್ ಮರೀತಾನ. ಮೂವತ್ನಾಕ ವರ್ಷ ಇದ ಕೆಲಸ ಮಾಡೀನಿ. ನಾ ಮರೆಯಂಗಿಲ್ಲ, ತಾ."

ದನಿಯಲ್ಲಿ ಅಧಿಕಾರವಿತ್ತು, ತಲೆಯ ಮೇಲೆ ಬೆಳ್ಳಗಿನ ಕೂದಲಿತ್ತು. ಅವಳು ಕೊಟ್ಟುಬಿಟ್ಟಳು.

ಬಸ್ಸು ಸೇತುವೆ ಹತ್ತಿತು. ಇದೇನೆಂದು ವೀರಭದ್ರಪ್ಪ ಕೇಳಿದ್ದೇ ತಡ, ನನ್ನ ಪಾಠ ಶುರುವಾಯಿತು. ಟೋಕನ್ ಇಲ್ಲದೆ ರೈಲು ಹೆಜ್ಜೆ ಇಡಬಾರದು. ಮುಂದಿನ ನಿಲ್ದಾಣದಲ್ಲಿ ಕೊಡದೆ ದಾಟಿದರೆ ಇಡೀ ದಾರಿಯೇ ಬಂದ್. "ಹಂಗ ಮರತ ಒಯ್ದ್ರ?" ಎಂದರು ಅವರು. "ಒಯ್ದಾವಂಗ ಮಾಫಿ ಇಲ್ಲರಿ" ಎಂದು ಕೋಲನ್ನು ನೆಲಕ್ಕೆ ಕುಟ್ಟಿ ಹೇಳಿದೆ. ಆಚೆಯ ತುದಿಯಲ್ಲಿ ಒಬ್ಬ ಎರಡೂ ಕೈ ಬೀಸುತ್ತ ಏನೋ ಕೂಗಿದ. ಬೇಗ ಹೋಗು ಎನ್ನುತ್ತಿದ್ದಾನೆಂದು ತಿಳಿದು ಡ್ರೈವರ್ ಬಸ್ಸು ಓಡಿಸಿದ. ನನಗೂ ಅವನು ಕಂಡಿದ್ದ. "ನೋಡ್ರಿ, ಎಷ್ಟ ಶಿಸ್ತಿಲೆ ಕೈ ಮಾಡ್ತಾನ" ಎಂದು ವೀರಭದ್ರಪ್ಪನವರಿಗೆ ತೋರಿಸಿದೆ. ಪಾಠ ಮುಗಿಸಿ, ಪಟಾನ್‌ಚೆರುವಿನಲ್ಲಿ ಅವರನ್ನು ಇಳಿಸಿ, ಸ್ವಲ್ಪ ತೂಕಡಿಸಿ, ಹನ್ನೊಂದೂವರೆಗೆ ಮಿಯಾಪುರದಲ್ಲಿ ಇಳಿದೆ.

ಮಿಯಾಪುರದಲ್ಲಿ ಆಗ ಎತ್ತ ನೋಡಿದರೂ ಕಟ್ಟಡಗಳ ಮೈಗೆ ಕಟ್ಟಿದ ಬೊಂಬುಗಳು. ಸಾವಿತ್ರಿಯ ಫ್ಲ್ಯಾಟು ಮೂರನೆಯ ಮಹಡಿಯಲ್ಲಿ. ಲಿಫ್ಟಿಗೆ ಜಾಗ ಬಿಟ್ಟಿದ್ದರು, ಲಿಫ್ಟು ಬಂದಿರಲಿಲ್ಲ. ಏದುಸಿರು ಬಿಡುತ್ತ ಹತ್ತಿ ಬಾಗಿಲು ತಟ್ಟಿದೆ. ಒಳಗಿನಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ತಂಗಿ ಬಾಗಿಲು ತೆರೆದವಳೇ ನನ್ನ ಕೈ ನೋಡಿದಳು.

"ಛತ್ರಿ ಸರಿ. ಅದೇನಣ್ಣಾ, ಕೆಂಪ ಅರಿವಿ ಕಟ್ಟಿದ ಕೋಲು?"

ಛತ್ರಿಯ ಜೊತೆ ಅದನ್ನೂ ಮಡಚಿದ ತೋಳಿಗೆ ಸಿಕ್ಕಿಸಿಕೊಂಡು ಬಂದಿದ್ದೆ. ಹೊಸ್ತಿಲ ಮೇಲೆಯೇ ಕುಳಿತೆ. ಸಾವಿತ್ರಿ ಗಾಬರಿಯಾಗಿ ನೀರು ತಂದಳು. ನಡೆದದ್ದನ್ನು ಹೇಳಿದೆ.

"ಇಷ್ಟೊತ್ತಿಗೆ ಅವರು ಬ್ಯಾರೆ ಕೋಲು ಮಾಡ್ಕೊಂಡಿರ್ತಾರ. ಹೋಳಿಗಿ ಮಾಡೀನಿ, ಉಂಡು ಹೋಗು" ಎಂದಳು.

"ಕೋಲಿಂದಲ್ಲ ಸಾವಿತ್ರಿ. ಆ ಹೆಣ್ಮಗಳು ಕೊಟ್ಟೀನಿ ಅಂತಾಳ, ಆ ಕಡ್ಯಾವ ಬಂದಿಲ್ಲ ಅಂತಾನ. ಯಾರ ಮಾತ ನಂಬತಾರ?"

ತಂಗಿ ಒಳಗೆ ಹೋಗಿ ನಾಲ್ಕು ಹೋಳಿಗೆಗಳನ್ನು ಡಬ್ಬಿಯಲ್ಲಿ ಹಾಕಿ ತಂದುಕೊಟ್ಟಳು. "ಹೋಗು. ಆದ್ರ ರಾತ್ರಿ ಊಟಕ್ಕ ಬರಲಿಲ್ಲಂದ್ರ ನೋಡು."

ಹನ್ನೆರಡೂ ಹತ್ತಕ್ಕೆ ಜಹೀರಾಬಾದ್ ಬಸ್ಸು ಸಿಕ್ಕಿತು. ಆ ಸುಮಾರು ಐವತ್ತು ಕಿಲೋಮೀಟರ್ ದಾರಿಯಲ್ಲಿ ನಾನು ಅನುಭವಿಸಿದ ನಾಚಿಕೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸೇವೆಯಲ್ಲಿ ಎಷ್ಟೋ ಜನರ ತಪ್ಪು ಹಿಡಿದಿದ್ದೆ. ಒಮ್ಮೆ ಟೋಕನ್ ಒಯ್ದ ಡ್ರೈವರನೊಬ್ಬ ಅತ್ತು ಕೈ ಮುಗಿದರೂ ವರದಿ ಬರೆದಿದ್ದೆ. ಬರೆಯಬೇಕಾದದ್ದೇ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಅವನ ಮುಖವನ್ನು ಅಂದು ಸರಿಯಾಗಿ ನೋಡಿರಲಿಲ್ಲ.

ಎರಡು ಗಂಟೆಗೆ ಸೇತುವೆ ದಾಟಿ, ಬೆಳಿಗ್ಗೆ ಅವಳು ನಿಂತಿದ್ದ ತುದಿಯಲ್ಲಿ ಇಳಿದೆ. ವಾಹನಗಳು ಓಡಾಡುತ್ತಿದ್ದವು. ಕೋಲಿನ ಬದಲು ಬೇವಿನ ಟೊಂಗೆಯೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಅವಳ ಜಾಗದಲ್ಲಿ ಬಾವುಟ ಹಿಡಿದವನು ಒಬ್ಬ ಸಣಕಲು ಗಂಡಸು. ಫಲಕದ ಕೆಳಗೆ ಕೂಸು ಒಂದೇ ಸಮನೆ ಅಳುತ್ತಿತ್ತು. ಅವನು ಒಂದು ಕೈಯಲ್ಲಿ ಜೋಳಿಗೆ ತೂಗುತ್ತಿದ್ದ.

"ಶರಣಮ್ಮನ್ನ ಕೆಳಗ ಕಲ್ಲ ಹೊರಾಕ ಹಚ್ಚ್ಯಾರ್ರಿ" ಎಂದ. ಅವಳ ಹೆಸರು ತಿಳಿದದ್ದು ಹೀಗೆ. "ಕೋಲ ಕಳದಾಳಂತ. ಎರಡೂ ಕಡಿ ಲಾರಿ ನುಗ್ಗಿ ಬ್ರಿಜ್ಜಿನ ಮ್ಯಾಲ ಮಾರಿಗೆ ಮಾರಿ ಕೊಟ್ಟು ನಿಂತಿದ್ವು. ನಾಳಿಂದ ಬರಬ್ಯಾಡ ಅಂದಾರ. ಕೂಸಿಗೆ ಹಾಲ ಕುಡಿಸಾಕೂ ಮ್ಯಾಲ ಬಿಡವಲ್ಲರು."

ಹಳ್ಳಕ್ಕೆ ಇಳಿದೆ. ಬಿಸಿಲಿಗೆ ಕಲ್ಲುಗಳು ಕಾದಿದ್ದವು. ಶರಣಮ್ಮ ಬುಟ್ಟಿ ಹೊತ್ತು ಬರುತ್ತಿದ್ದವಳು ನನ್ನನ್ನು ಕಂಡು ನಿಂತಳು. ಎದೆಯ ಮೇಲೆ ಅಂಗಿ ಹಾಲಿನಿಂದ ಒದ್ದೆಯಾಗಿತ್ತು. ನಾನು ಕೋಲು ಎತ್ತಿ ತೋರಿಸಿದೆ. ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ದಿದ್ದರೆ ನನಗೇ ಹಗುರಾಗುತ್ತಿತ್ತು.

"ನಾ ಕೊಟ್ಟೀನಿ ಅಂತ ಆಣಿ ಮಾಡಿ ಹೇಳೀನ್ರಿ. ಸುಳ್ಳ ಹೇಳ್ತಿ ಅಂದ್ರು" ಎಂದಳು. ಕಣ್ಣಲ್ಲಿ ನೀರು ಬಂತು. "ನೀವು ಬರ್ತೀರಂತ ನಾ ತಿಳಕೊಂಡಿದ್ದಿಲ್ಲ."

ಸೂಪರ್‌ವೈಸರ್ ತಗಡಿನ ಕೋಣೆಯಲ್ಲಿದ್ದ. ತೆಲುಗಿನವನು, ಮೂವತ್ತರ ಆಸುಪಾಸು, ಕೆಟ್ಟವನಲ್ಲ, ದಣಿದವನು. ಅವನ ಹಿಂದಿ, ನನ್ನ ಹಿಂದಿ ಹೇಗೋ ಹೊಂದಿಕೊಂಡವು. ಕೋಲು ನೋಡಿ ಅವನ ಮುಖ ಸಡಿಲಾಯಿತು, ಮತ್ತೆ ಬಿಗಿಯಾಯಿತು. "ಕೊಟ್ಟಿದ್ದಾಳೆ, ಸರಿ ಪೆದ್ದಾಯನಾ" ಎಂದ, ತೆಲುಗಿನಲ್ಲಿ ಹಿರಿಯರೇ ಎಂದು. " ಆದರೆ ನಿಮಗೆ ಯಾಕೆ ಕೊಟ್ಟಳು? ಡ್ರೈವರಿಗೇ ಕೊಡಬೇಕೆಂದು ಹೇಳಿದ್ದೆ. ಮುಕ್ಕಾಲು ಗಂಟೆ ಹೈವೇ ನಿಂತಿತ್ತು. ಮೇಲಿನವರಿಗೆ ನಾನು ಯಾರದಾದರೂ ಒಂದು ಹೆಸರು ಬರೆದುಕೊಡಬೇಕು."

ಅವನ ಮಾತಿನಲ್ಲಿ ತಪ್ಪೇನಿತ್ತು? ನಾನೂ ಹೀಗೆಯೇ ಕೇಳುತ್ತಿದ್ದೆ.

"ನನ್ನ ಹೆಸರು ಬರೆಯಿರಿ" ಎಂದೆ.

ಅವನು ನಕ್ಕ. ದಾರಿಹೋಕರ ಹೆಸರನ್ನು ಯಾರು ಒಪ್ಪುತ್ತಾರೆ ಎಂದ. ಹಾಗಾದರೆ ಕಾಗದ ಕೊಡಿ, ನಾನೇ ಬರೆದುಕೊಡುತ್ತೇನೆ ಎಂದೆ. ಮೂವತ್ತನಾಲ್ಕು ವರ್ಷ ಇತರರಿಂದ ವಿವರಣೆ ಬರೆಸಿಕೊಂಡವನು ನಾನು. ನನ್ನ ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲವೆಂದು ಮನೆಗೆ ಬಂದವರಿಗೆಲ್ಲ ಹೇಳಿಕೊಂಡವನು. ಸಿಮೆಂಟಿನ ಧೂಳು ಕೂತ ಮೇಜಿನ ಮೇಲೆ ಹಾಳೆ ಇಟ್ಟು ಇಂಗ್ಲಿಷಿನಲ್ಲಿ ಬರೆದೆ. ಕೆಲಸಗಾರ್ತಿ ನಿಯಮ ಹೇಳಿದಳೆಂದೂ, ನಾನೇ ಮಾಜಿ ಸ್ಟೇಷನ್ ಮಾಸ್ತರನೆಂಬ ಜಂಬದಿಂದ ಒತ್ತಾಯಿಸಿ ಕೋಲು ತೆಗೆದುಕೊಂಡೆನೆಂದೂ, ಹರಟುತ್ತ ಕೊಡಲು ಮರೆತೆನೆಂದೂ, ತಪ್ಪು ಪೂರ್ತಿ ನನ್ನದೆಂದೂ ಬರೆದು, ಹೆಸರು, ಹುದ್ದೆ, ಹುಮನಾಬಾದಿನ ವಿಳಾಸ ಹಾಕಿದೆ. ಕೆಳಗೆ ಸಹಿ ಮಾಡಿದೆ.

ಅವನು ಎರಡು ಸಲ ಓದಿದ. "ಜಂಬ ಎಂದು ಬರೆಯುವ ಅಗತ್ಯವಿರಲಿಲ್ಲ" ಎಂದ.

"ಇತ್ತು" ಎಂದೆ.

ಹಾಳೆಯನ್ನು ಫೈಲಿಗೆ ಸೇರಿಸಿ, ಬಾಗಿಲಿಗೆ ಬಂದು ಹಳ್ಳದ ಕಡೆ ಕೂಗಿದ: "ಶರಣಮ್ಮಾ! ಪೈಕಿ ರಾ!" ಮೇಲೆ ಬಾ ಎಂದು. ಅವಳು ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಓಡಿದಳು. ಬಾವುಟ ಇಸಿದುಕೊಳ್ಳಲಿಲ್ಲ, ಮೊದಲು ಜೋಳಿಗೆಗೆ ಕೈ ಹಾಕಿದಳು. ಫಲಕದ ಹಿಂದೆ ಕುಳಿತು ಹಾಲು ಕುಡಿಸುವಷ್ಟು ಹೊತ್ತು ಸಣಕಲು ಮನುಷ್ಯನೇ ವಾಹನ ಬಿಟ್ಟ. ನಾನು ರಸ್ತೆಯ ಕಡೆ ಮುಖ ಮಾಡಿ ಛತ್ರಿ ಬಿಚ್ಚಿ ನಿಂತೆ. ಆಮೇಲೆ ಮೂವರೂ ಹೋಳಿಗೆ ತಿಂದೆವು. "ನಿಮ್ಮ ತಂಗಿ ಕೈ ಭಾಳ ಮೆತ್ತಗ ಐತ್ರಿ" ಎಂದಳು ಶರಣಮ್ಮ. ನಾಳೆಯ ಮಾತು ನಾನು ಎತ್ತಲಿಲ್ಲ, ಅವಳೇ ಹೇಳಿದಳು: "ಬರಾಕ ಹೇಳ್ಯಾರ್ರಿ."

ಮೂರೂವರೆಗೆ ಹೈದರಾಬಾದಿನ ಬಸ್ಸು ಬಂತು. ನಾನು ಹತ್ತುವಷ್ಟರಲ್ಲಿ ಅದರ ಹಿಂದಿದ್ದ ಲಾರಿಗಳೆಲ್ಲ ಮುಂದೆ ದಾಟಿ ನಮ್ಮದೇ ಕೊನೆಯದಾಯಿತು. ಎಡಬದಿಯ ಮೊದಲ ಸೀಟು ಖಾಲಿಯಿತ್ತು. ಶರಣಮ್ಮ ಬಸ್ಸಿನ ಹಿಂದೆ ಕೆಂಪು ಬಾವುಟ ಅಡ್ಡ ಹಿಡಿದು, ಕೋಲು ಹಿಡಿದುಕೊಂಡು ಕಿಟಕಿಯ ಪಕ್ಕ ಬಂದಳು. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಹೊರಗೆ ಚಾಚಿತ್ತು.

ಅವಳು ಕೈಯನ್ನು ನೋಡಿದಳು, ನನ್ನನ್ನು ನೋಡಿದಳು.

"ನಿಮಗಲ್ಲರೀ ಯಪ್ಪಾ" ಎಂದು ಬಸ್ಸಿನ ಮುಂದಿನಿಂದ ಸುತ್ತು ಹಾಕಿ ಬಲಬದಿಗೆ ಹೋದಳು. ಡ್ರೈವರನ ಕೈಯಲ್ಲಿ ಕೋಲಿಟ್ಟು, ಅವನು ಅದನ್ನು ಗಟ್ಟಿಯಾಗಿ ಹಿಡಿದದ್ದನ್ನು ನೋಡಿಕೊಂಡ ಮೇಲೆಯೇ ಹಸಿರು ತೋರಿಸಿದಳು.