ಸಾಬರು ಹೊಡೆದ ಮೊಳೆ

ರಾಯಚೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಸಂಬಳ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು, "ಮನಿದೇವ್ರು ಯಾವ್ದು?" ನಮ್ಮ ದೇವದುರ್ಗದಲ್ಲಿ ಯಾರೂ ಇದನ್ನು ಕೇಳುತ್ತಿರಲಿಲ್ಲ, ನಾನು ಯಾವ ಓಣಿಯವನೆಂದು ಎಲ್ಲರಿಗೂ ಗೊತ್ತಿತ್ತಲ್ಲ! ಅದು ಎಪ್ಪತ್ತರ ದಶಕದ ಕೊನೆ. ಅವ್ವ ಕೂಲಿ ಮಾಡಿ ಓದಿಸಿದ್ದಳು, ನಾನು ಹೊಸದಾಗಿ ಮಾಸ್ತರನಾಗಿದ್ದೆ. ಎದೆಯುಬ್ಬಿಸಿ "ಬುದ್ಧ" ಎಂದೆ. ಬಾಗಿಲು ಮುಚ್ಚಿತು. ಇನ್ನೊಂದು ಕಡೆಯೂ ಹಾಗೇ ಆಯಿತು.

ಮೂರನೆಯದು ಮಹಬೂಬ ಸಾಬರ ಮನೆ. ಅವರು ಬಾಯಿ ತೆರೆಯುವ ಮೊದಲೇ "ನಮ್ದು ಹನುಮಪ್ಪರೀ" ಎಂದುಬಿಟ್ಟೆ.

"ನಾ ಏನೂ ಕೇಳಿಲ್ಲಲ್ರೀ ಮಾಸ್ತರ್ರ," ಎಂದು ನಕ್ಕು ಕೀಲಿ ಕೊಟ್ಟರು.

ಬುದ್ಧನ ಪಟ ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಉಳಿಯಿತು. ಆ ಓಣಿಯಲ್ಲಿ ನಸುಕಿಗೆ ಮಸೀದಿಯ ಅಜಾನ್, ಸಂಜೆಗೆ ಗುಡಿಯ ಭಜನೆ. ಎಲ್ಲರೂ ತಮ್ಮ ದೇವರನ್ನು ಬಾಯಿ ತುಂಬ ಕರೆಯುತ್ತಿದ್ದರು, ಮುಚ್ಚಿಟ್ಟವನು ನಾನೊಬ್ಬನೇ. ಥೂ, ನನ್ನ ಹೇಡಿತನವೇ! ಸಾಬರ ಮನೆಯಿಂದ ಬಿಸಿ ರೊಟ್ಟಿ ಬಂದಾಗಲೆಲ್ಲ ಟ್ರಂಕಿಗೆ ಬೆನ್ನು ಹಾಕಿ ಕೂತು ತಿನ್ನುತ್ತಿದ್ದೆ.

ಮೊಹರಂ ಹೊತ್ತಿಗೆ ಅವ್ವ ದೇವದುರ್ಗದ ಬಸ್ಸಿನಿಂದ ಸಕ್ಕರೆ ಪೊಟ್ಟಣ ಹಿಡಿದು ಇಳಿದಳು. ಮಗನಿಗೆ ಮನೆ ಸಿಕ್ಕರೆ ಸಕ್ಕರೆ ಓದಿಸುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಮೊಹರಂನಲ್ಲಿ ಕೂರಿಸುವ ಪಂಜಾಗಳ, ಅಂದರೆ ಅಲಾಯಿ ದೇವರ ಮುಂದೆ ಸಕ್ಕರೆ ಇಟ್ಟು ಮುಲ್ಲಾನಿಂದ ಪ್ರಾರ್ಥನೆ ಹೇಳಿಸುವುದು ನಮ್ಮ ಕಡೆ ಎಲ್ಲ ಜಾತಿಯವರಿಗೂ ರೂಢಿ. ಅವ್ವನಿಗೆ ನನ್ನ ಸುಳ್ಳು ಗೊತ್ತಿಲ್ಲ. ಮನೆ ಕೊಟ್ಟವರೇ ಓದಲಿ ಎಂದು ಸಾಬರನ್ನು ಕೋಣೆಗೆ ಕರೆದವಳೇ ಟ್ರಂಕು ತೆಗೆದು ಪಟ ಎತ್ತಿ ಹಿಡಿದಳು.

"ನಮ್ಮ ದೇವ್ರ ಮುಂದ ಈ ಸಕ್ಕರಿ ಓದಿ ಕೊಡ್ರಿ ಸಾಬ್ರ."

ಸಾಬರು ಪಟ ನೋಡಿದರು, ನನ್ನನ್ನು ನೋಡಿದರು. "ಹನುಮಪ್ಪ ಅಂದಿದ್ರಲ್ರೀ ಮಾಸ್ತರ್ರ?"

ಮನೆ ಹೋಯಿತು ಎಂದುಕೊಂಡೆ. "ಖರೇ ಹೇಳಿದ್ರ ಮನಿ ಸಿಗಂಗಿಲ್ಲಂತ ಸುಳ್ಳು ಹೇಳೀನ್ರೀ."

"ದೇವ್ರನ್ನ ಟ್ರಂಕಿನ್ಯಾಗ ಹಾಕಿ ಕೀಲಿ ಜಡೀತಾರೇನ್ರೀ? ನಿಮ್ಮ ಸುಳ್ಳಿಗೆ ಸಿಟ್ಟು ಬಂದದ ನೋಡ್ರಿ ನನಗ." ಆಮೇಲೆ ಅವ್ವನ ಕಡೆ ತಿರುಗಿದರು. "ಯವ್ವಾ, ನಾ ಪಟದ ಮುಂದ ಓದಂಗಿಲ್ಲ. ನಮ್ಮ ಪಡಸಾಲ್ಯಾಗ ಓದಿ ತರ್ತೀನಿ. ನೀವು ನಿಮ್ಮ ದೇವ್ರ ಮುಂದ ಇಟ್ಕೋರಿ."

ಹಾಗೇ ಮಾಡಿದರು. ಬರುವಾಗ ಒಂದು ಕೈಯಲ್ಲಿ ಸಕ್ಕರೆ, ಇನ್ನೊಂದರಲ್ಲಿ ಸುತ್ತಿಗೆ, ಮೊಳೆ. ಬಾಗಿಲು ತೆರೆದರೆ ಓಣಿಗೆಲ್ಲ ಕಾಣುವ ಗೋಡೆಗೆ ತಾವೇ ಮೊಳೆ ಹೊಡೆದರು. ಅವ್ವ ಪಟ ತೂಗುಹಾಕಿ ಅದರ ಮುಂದೆ ಸಕ್ಕರೆ ಇಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಸಕ್ಕರೆ ಹಂಚಲು ಹೊರಟಳು. ಎದುರು ಮನೆಯವರು ತೆಗೆದುಕೊಳ್ಳಲಿಲ್ಲ, ಉಳಿದವರೆಲ್ಲ ಕೈಯೊಡ್ಡಿದರು.

ಆರು ವರ್ಷದ ಮೇಲೆ ಮಾನ್ವಿಗೆ ವರ್ಗವಾಯಿತು. ಪಟ ಇಳಿಸಿ ಮೊಳೆ ಕೀಳಲು ಹೋದೆ.

"ಇರ್ಲಿ ಬಿಡ್ರಿ," ಎಂದರು ಸಾಬರು. "ಮುಂದ ಬರೋರ್ದೂ ಒಂದು ದೇವ್ರು ಇರ್ತದ."

ಆ ಮನುಷ್ಯನ ಋಣ ದೊಡ್ಡದು. ಈಗಲೂ ದೇವದುರ್ಗದಲ್ಲಿ ಬಸ್ಸಿಳಿದರೆ ಊರಿಗೆ ಬಂದೆ ಅನಿಸುತ್ತದೆ. ಮನೆ ಎಂದರೆ ಮಾತ್ರ ರಾಯಚೂರಿನ ಆ ಗೋಡೆಯೇ ಕಣ್ಣಿಗೆ ಬರುತ್ತದೆ. ಮಾನ್ವಿಯಲ್ಲಿ ಮನೆ ನೋಡಲು ಹೋದಾಗಲೂ ಮಾಲೀಕರು ಬಾಯಿ ತೆರೆಯುವ ಮೊದಲೇ ನಾನೇ ಮಾತಾಡಿದೆ.

"ನಮ್ದು ಬುದ್ಧರೀ. ಗ್ವಾಡಿಗೊಂದು ಮೊಳಿ ಹೊಡಿಬೇಕ್ರೀ."